ಕಾನೂನು ಮತ್ತು ಅರ್ಥಶಾಸ್ತ್ರ ಒಟ್ಟಿಗೆ ಸ್ನಾತಕೋತ್ತರ ಓದು: ಯಾವ ಬಗೆಯ ಪದವಿ, ಗಣಿತ ಎಷ್ಟು, ಎಡವುವುದು ಎಲ್ಲಿ?

ಕರಡುಪ್ರತಿ (ಪ್ರಶ್ನೆ ಕೇಳಿದವರು; ಮುಂದೆ ಪ್ರತಿ ಉತ್ತರದ ಮೇಲೂ ಬರೆದವರ ಬಳಕೆಯ ಹೆಸರಿದೆ)

ಕಾನೂನಿನ ಮೊದಲ ಪದವಿ ಮುಗಿದಿದೆ. ಮುಂದೆ ಕಾನೂನು, ಅರ್ಥಶಾಸ್ತ್ರ ಎರಡನ್ನೂ ಜೊತೆಯಲ್ಲೇ ಓದಿಸುವ ಸ್ನಾತಕೋತ್ತರ ಕೋರ್ಸ್ ಹುಡುಕುತ್ತಿದ್ದೇನೆ. ಒಲವಿರುವುದು ಸ್ಪರ್ಧಾ ಕಾನೂನು ಮತ್ತು ಟಾರ್ಟ್ (ಅಪಘಾತದಂಥ ಹಾನಿಗೆ ಹೊಣೆ ಮತ್ತು ಪರಿಹಾರದ ಕಾನೂನು) ಕಡೆಗೆ. ಅರ್ಥಶಾಸ್ತ್ರದಲ್ಲಿ ಪ್ರಾಥಮಿಕ ಮಟ್ಟದ ಪತ್ರಿಕೆ ಬಿಟ್ಟರೆ ಬೇರೇನೂ ಓದಿಲ್ಲ, ಗಣಿತ ಶಾಲೆಯ ಮಟ್ಟದಲ್ಲೇ ನಿಂತಿದೆ.

ಕೋರ್ಸ್‌ಗಳ ವಿವರಣೆ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ನೋಡುವುದು ಹೇಗೆ? ಸೇರುವ ಮೊದಲು ಯಾವ ಗಣಿತವನ್ನು ಯಾವ ಕ್ರಮದಲ್ಲಿ ಕಲಿಯಬೇಕು? ಕಾನೂನಿನ ಹಿನ್ನೆಲೆಯವರು ಸಾಮಾನ್ಯವಾಗಿ ಎಲ್ಲಿ ಸೋಲುತ್ತಾರೆ? ಪ್ರಬಂಧಕ್ಕೆ ದತ್ತಾಂಶ ಆಧಾರಿತ ವಿಷಯ ತೆಗೆದುಕೊಳ್ಳುವುದು ಜಾಣತನವೋ ಅಲ್ಲವೋ? ವಿವರವಾಗಿ ಬರೆದರೆ ಉಪಕಾರ.

ಸೀಮಾಂತ

ಮೊದಲು ಪದವಿಯ ಬಗೆ. ಹೆಸರು ಏನೇ ಇರಲಿ, ಒಳಗಿನ ರಚನೆ ನೋಡಿದರೆ ಮೂರ್ನಾಲ್ಕು ಥರ ಅಷ್ಟೇ.

ಒಂದು, ಎಲ್‌ಎಲ್‌ಎಂ ಒಳಗೇ "ಕಾನೂನು ಮತ್ತು ಅರ್ಥಶಾಸ್ತ್ರ" ವಿಶೇಷ ವಿಷಯ. ಇಲ್ಲಿ ಬಹುಪಾಲು ಪತ್ರಿಕೆಗಳು ಕಾನೂನಿನವೇ. ಅರ್ಥಶಾಸ್ತ್ರ ಎರಡು ಮೂರು ಪತ್ರಿಕೆಗಳಲ್ಲಿ ಚಿತ್ರ ಮತ್ತು ಮಾತಿನ ಮೂಲಕ ಬರುತ್ತದೆ. ವಕೀಲಿಕೆಗೆ ಮರಳುವವರಿಗೆ ಇದು ಸಾಕಾಗಬಹುದು, ಆದರೆ ಅರ್ಥಶಾಸ್ತ್ರಜ್ಞರ ವರದಿಯನ್ನು ಓದಿ ಅದರ ತಪ್ಪು ಹಿಡಿಯುವ ಕೈ ಇದರಿಂದ ಬರುವುದಿಲ್ಲ.

ಎರಡು, ಈ ವಿಷಯಕ್ಕೆಂದೇ ಇರುವ ಸ್ವತಂತ್ರ ಮಾಸ್ಟರ್ಸ್. ಹಳೆಯ ಮಾದರಿ ಎಂದರೆ 1990ರಲ್ಲಿ ಶುರುವಾದ ಯುರೋಪಿಯನ್ ಮಾಸ್ಟರ್ ಇನ್ ಲಾ ಅಂಡ್ ಎಕನಾಮಿಕ್ಸ್. ಒಂದು ವರ್ಷ, ಮೂರು ಅವಧಿ, 60 ಇಸಿಟಿಎಸ್ (ಯುರೋಪಿನ ಕ್ರೆಡಿಟ್ ಪದ್ಧತಿ) ಕ್ರೆಡಿಟ್. ವರ್ಷದೊಳಗೆ ಕನಿಷ್ಠ ಎರಡು ವಿಶ್ವವಿದ್ಯಾಲಯಗಳಲ್ಲಿ ಓದಬೇಕು, ಕಾನೂನಿನವರೂ ಅರ್ಥಶಾಸ್ತ್ರದವರೂ ಒಂದೇ ತರಗತಿಯಲ್ಲಿ ಕೂರುತ್ತಾರೆ. ಒಂದು ಇಸಿಟಿಎಸ್ ಎಂದರೆ 25ರಿಂದ 30 ಗಂಟೆಗಳ ಕೆಲಸ ಎಂಬ ಲೆಕ್ಕ, ಹಾಗಾಗಿ 60 ಕ್ರೆಡಿಟ್ ಎಂದರೆ 1500ರಿಂದ 1800 ಗಂಟೆ. ಇಷ್ಟು ಬಿಗಿಯಾದ ವರ್ಷದ ನಡುವೆ ಗಣಿತ ರಿಪೇರಿ ಮಾಡಿಕೊಳ್ಳಲು ಜಾಗವಿಲ್ಲ. ಸೇರುವ ಮೊದಲೇ ಮುಗಿಸಬೇಕು ಎನ್ನುವುದು ಅದಕ್ಕೇ.

ಮೂರು, ಜೋಡಿ ಪದವಿ: ಕಾನೂನಿನದೊಂದು, ಅರ್ಥಶಾಸ್ತ್ರದ್ದೊಂದು, ಕೆಲವು ಕ್ರೆಡಿಟ್ ಎರಡಕ್ಕೂ ಸಲ್ಲುತ್ತವೆ. ಇಲ್ಲಿ ಎರಡು ವಿಷಯ ಬರವಣಿಗೆಯಲ್ಲೇ ಕೇಳಿ ತಿಳಿದುಕೊಳ್ಳಿ. ಎಷ್ಟು ಕ್ರೆಡಿಟ್ ಎರಡೂ ಕಡೆ ಎಣಿಕೆಯಾಗುತ್ತದೆ? ನಡುವೆ ಒಂದನ್ನು ಬಿಟ್ಟರೆ ಇನ್ನೊಂದು ಪದವಿ ತಾನಾಗಿ ಸಿಗುತ್ತದೆಯೋ, ಹಂಚಿಕೊಂಡ ಕ್ರೆಡಿಟ್‌ಗಳು ಬಿದ್ದುಹೋಗುತ್ತವೆಯೋ? ಎರಡನೆಯದನ್ನು ಕೇಳದೆ ಸೇರಿದವರಿಗೆ ಕೊನೆಯ ಅವಧಿಯಲ್ಲಿ ಹೆಚ್ಚುವರಿ ಪತ್ರಿಕೆಗಳು ತಲೆಗೆ ಬೀಳುತ್ತವೆ.

ಇದರಾಚೆ ಪಿಎಚ್‌ಡಿ ಮಟ್ಟದ ಸಂಯುಕ್ತ ಕೋರ್ಸ್‌ಗಳಿವೆ. ನಿಮ್ಮ ಪ್ರಶ್ನೆಗೆ ಅದು ಸದ್ಯಕ್ಕೆ ದೂರ.

ಇವುಗಳಲ್ಲಿ ಯಾವುದನ್ನೇ ಆರಿಸಿದರೂ ಎರಡು ಬಾಗಿಲು ತಾವಾಗಿ ತೆರೆಯುವುದಿಲ್ಲ ಎಂಬುದು ಗೊತ್ತಿರಲಿ. ವಕೀಲಿಕೆಯ ಪರವಾನಗಿ ಮೊದಲ ಕಾನೂನು ಪದವಿ ಮತ್ತು ಆಯಾ ದೇಶದ ವಕೀಲರ ಪರಿಷತ್ತಿನ ನಿಯಮಕ್ಕೆ ಕಟ್ಟುಬಿದ್ದದ್ದು, ಈ ಮಾಸ್ಟರ್ಸ್ ಅದಕ್ಕೆ ಬದಲಿಯಲ್ಲ. ಹಾಗೆಯೇ ಮುಂದೆ ಅರ್ಥಶಾಸ್ತ್ರದಲ್ಲೇ ಪಿಎಚ್‌ಡಿ ಎಂದುಕೊಂಡರೆ ಅವರು ಕೇಳುವುದು ಲೀನಿಯರ್ ಆಲ್ಜೀಬ್ರಾ, ರಿಯಲ್ ಅನಾಲಿಸಿಸ್, ಮುಂದುವರಿದ ಸೂಕ್ಷ್ಮ ಅರ್ಥಶಾಸ್ತ್ರ. ಸಂಯುಕ್ತ ಮಾಸ್ಟರ್ಸ್‌ನಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ.

ವಿವರಣಾ ಪತ್ರ ಓದುವಾಗ ಹೊಗಳಿಕೆಯ ಪುಟ ಬಿಟ್ಟು ನೇರ ಪಠ್ಯಕ್ರಮಕ್ಕೆ ಹೋಗಿ. ಸೂಕ್ಷ್ಮ ಅರ್ಥಶಾಸ್ತ್ರದ ಪತ್ರಿಕೆಯ ಮಾದರಿ ಪ್ರಶ್ನೆಯಲ್ಲಿ ಅವಕಲನ ಇದೆಯೇ ಅಥವಾ ಬರೀ ರೇಖಾಚಿತ್ರವೇ? ಎಕನಾಮೆಟ್ರಿಕ್ಸ್ (ದತ್ತಾಂಶದಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ವಿಷಯ) ಕಡ್ಡಾಯವೇ, ಅದಕ್ಕೆ ಕಂಪ್ಯೂಟರ್ ಲ್ಯಾಬ್ ಗಂಟೆಗಳಿವೆಯೇ? ಪ್ರಬಂಧಕ್ಕೆ ಎರಡೂ ವಿಭಾಗದಿಂದ ಒಬ್ಬೊಬ್ಬ ಮಾರ್ಗದರ್ಶಕರು ಸಿಗುತ್ತಾರೆಯೇ? ಮೂರಕ್ಕೂ "ಇಲ್ಲ" ಎಂದಾದರೆ ಅದು ಅರ್ಥಶಾಸ್ತ್ರದ ಪದಗಳನ್ನು ಬಳಸುವ ಕಾನೂನು ಕೋರ್ಸ್.

ಗಣಿತದ ಕ್ರಮ ಹೀಗಿರಲಿ. ವಾರಕ್ಕೆ 8ರಿಂದ 10 ಗಂಟೆ ಕೊಟ್ಟರೆ 12 ವಾರದಲ್ಲಿ ಆಗುವಂಥದ್ದು. ಮೊದಲ ಮೂರು ವಾರ ಒಂದು ಚರದ ಅವಕಲನ: ಇಳಿಜಾರು ಎಂದರೇನು, ಗರಿಷ್ಠ ಕನಿಷ್ಠ ಹುಡುಕುವುದು, ಎರಡನೆಯ ಅವಕಲನದಿಂದ ಅದು ಗರಿಷ್ಠವೋ ಕನಿಷ್ಠವೋ ತಿಳಿಯುವುದು. ಮುಂದಿನ ಎರಡು ವಾರ ಭಾಗಶಃ ಅವಕಲನ ಮತ್ತು ಲಗ್ರಾಂಜ್ ವಿಧಾನ (ಮಿತಿಯೊಂದರೊಳಗೆ ಗರಿಷ್ಠ ಕನಿಷ್ಠ ಹುಡುಕುವುದು). ಆಮೇಲೆ ನಾಲ್ಕು ವಾರ ಪೂರ್ತಿಯಾಗಿ ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರ: ನಿರೀಕ್ಷಿತ ಮೌಲ್ಯ, ಷರತ್ತುಬದ್ಧ ಸಂಭವನೀಯತೆ, ಬೇಯ್ಸ್ ನಿಯಮ, ವಿಚಲನ, ಸರಳ ರಿಗ್ರೆಶನ್ (ಒಂದು ಅಂಶ ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ದತ್ತಾಂಶದಿಂದ ಅಂದಾಜು ಮಾಡುವುದು). ಉಳಿದ ಮೂರು ವಾರ ಗೇಮ್ ಥಿಯರಿ: ನ್ಯಾಶ್ ಸಮತೋಲನ (ಉಳಿದವರು ಬದಲಾಗದಿದ್ದರೆ ಯಾರಿಗೂ ತಮ್ಮ ಆಯ್ಕೆ ಬದಲಿಸಿ ಲಾಭವಿಲ್ಲದ ಸ್ಥಿತಿ), ಕೊನೆಯಿಂದ ಹಿಂದಕ್ಕೆ ಬಿಡಿಸುತ್ತ ಬರುವ ವಿಧಾನ. ಇಂಟಿಗ್ರೇಶನ್, ಮ್ಯಾಟ್ರಿಕ್ಸ್ ಈಗ ಬೇಡ. ಹೆಚ್ಚಿನವರು ಕಲನದಲ್ಲೇ ಸಮಯ ಕಳೆದು ಸಂಭವನೀಯತೆಗೆ ಬರುವುದೇ ಇಲ್ಲ. ಈ ವಿಷಯದಲ್ಲಿ ಪ್ರತಿದಿನ ಕೆಲಸಕ್ಕೆ ಬರುವುದು ಸಂಭವನೀಯತೆಯೇ.

ತೂಕದಕಟ್ಟೆ

ಕಾನೂನಿನವರು ಸೋಲುವುದು ಕಷ್ಟದ ಗಣಿತದಲ್ಲಿ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾಗಿ ಸೋಲುವುದು ಗುಣಾಕಾರ ಸಂಕಲನದ ಮಟ್ಟದ ಲೆಕ್ಕದಲ್ಲೇ, ಏಕೆಂದರೆ ಅಲ್ಲಿ ಪ್ರಶ್ನೆ ತಿರುಗಿ ನಿಂತಿರುತ್ತದೆ. ನ್ಯಾಯಾಲಯ ನೋಡುವುದು ಆಗಿಹೋದ ಅಪಘಾತವನ್ನು: ಯಾರು ಹೊಣೆ, ಎಷ್ಟು ಕೊಡಬೇಕು. ಅರ್ಥಶಾಸ್ತ್ರ ಕೇಳುವುದು ಮುಂದಿನ ಸಲ ಅದೇ ಜಾಗದಲ್ಲಿ ನಿಲ್ಲುವ ಮನುಷ್ಯ ಈ ತೀರ್ಪು ನೋಡಿ ಏನು ಮಾಡುತ್ತಾನೆ ಎಂದು. ಒಂದೇ ಸಮಸ್ಯೆಯನ್ನು ಪೂರ್ತಿಯಾಗಿ ಬಿಡಿಸಿ ತೋರಿಸುತ್ತೇನೆ, ಕಾಗದ ಪೆನ್ನು ಹಿಡಿದು ಜೊತೆಗೆ ಮಾಡಿ.

ಅಪಘಾತವಾದರೆ ನಷ್ಟ 10,000. ಎಚ್ಚರಿಕೆಯ ಒಂದೊಂದು ಹಂತಕ್ಕೆ ಖರ್ಚು 300. ಎಚ್ಚರಿಕೆ ಇಲ್ಲದಿದ್ದರೆ ಅಪಘಾತದ ಸಾಧ್ಯತೆ ನೂರಕ್ಕೆ 10, ಒಂದು ಹಂತಕ್ಕೆ 6, ಎರಡಕ್ಕೆ 4, ಮೂರಕ್ಕೆ 3. ನಿರೀಕ್ಷಿತ ನಷ್ಟ ಕ್ರಮವಾಗಿ 1000, 600, 400, 300. ಎಚ್ಚರಿಕೆಯ ಖರ್ಚು ಸೇರಿಸಿದರೆ ಒಟ್ಟು 1000, 900, 1000, 1200. ಅಂದರೆ ಸಮಾಜಕ್ಕೆ ಅಗ್ಗ ಒಂದೇ ಹಂತ.

ಈಗ ಪ್ರಸಿದ್ಧ ಸೂತ್ರ. 1947ರ ಕ್ಯಾರಲ್ ಟೋಯಿಂಗ್ ಪ್ರಕರಣದಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಕಟ್ಟು ಬಿಚ್ಚಿ ಹೋದ ಒಂದು ಸರಕು ದೋಣಿಯ ವಿಷಯದಲ್ಲಿ ನ್ಯಾಯಮೂರ್ತಿ ಲರ್ನೆಡ್ ಹ್ಯಾಂಡ್ ಹೇಳಿದ್ದು: ಎಚ್ಚರಿಕೆಯ ಹೊರೆ, ಅಪಘಾತದ ಸಾಧ್ಯತೆ ಮತ್ತು ನಷ್ಟದ ಗುಣಲಬ್ಧಕ್ಕಿಂತ ಕಡಿಮೆ ಇದ್ದೂ ಎಚ್ಚರಿಕೆ ವಹಿಸದಿದ್ದರೆ ಅದು ನಿರ್ಲಕ್ಷ್ಯ. ಕಾನೂನಿನ ವಿದ್ಯಾರ್ಥಿ ಇದನ್ನು ಒಟ್ಟು ಮೊತ್ತಗಳಿಗೆ ಹಚ್ಚುತ್ತಾನೆ. ಮೂರು ಹಂತಕ್ಕೆ ಖರ್ಚು 900, ಎಚ್ಚರಿಕೆ ಇಲ್ಲದಿದ್ದರೆ ನಿರೀಕ್ಷಿತ ನಷ್ಟ 1000, 900 ಕಡಿಮೆ, ಆದ್ದರಿಂದ ಮೂರು ಹಂತ ವಹಿಸದವನು ತಪ್ಪಿತಸ್ಥ ಎನ್ನುತ್ತಾನೆ. ಉತ್ತರ ತಪ್ಪು. ಹಂತ ಹಂತವಾಗಿ ಹೋಲಿಸಬೇಕು: ಮೊದಲ 300 ಖರ್ಚು ಮಾಡಿದರೆ ನಷ್ಟ 400 ಇಳಿಯುತ್ತದೆ, ಸರಿ. ಎರಡನೆಯ 300ಕ್ಕೆ ಇಳಿಯುವುದು 200 ಮಾತ್ರ, ಬೇಡ. ಪರೀಕ್ಷೆಯಲ್ಲಿ ಅತಿ ಹೆಚ್ಚು ಅಂಕ ಹೋಗುವುದು ಈ ಒಂದು ಕಡೆ. "ಸೀಮಾಂತ" (ಇನ್ನೊಂದೇ ಹಂತ ಸೇರಿಸಿದಾಗ ಆಗುವ ಬದಲಾವಣೆ) ಎಂಬ ಪದವನ್ನು ಬರೆದೂ ಒಟ್ಟು ಮೊತ್ತದಲ್ಲೇ ಲೆಕ್ಕ ಹಾಕಿದ ಉತ್ತರಪತ್ರಿಕೆಗಳು ರಾಶಿ ಇರುತ್ತವೆ.

ಮುಂದೆ ಹೋಗೋಣ. ನಿರ್ಲಕ್ಷ್ಯದ ನಿಯಮದಲ್ಲಿ ಮಾನದಂಡ ಒಂದು ಹಂತ ಎಂದಿಟ್ಟರೆ, ಕೆಲಸ ಮಾಡುವವನು 300 ಖರ್ಚು ಮಾಡಿ ಹೊಣೆಯಿಂದ ಪಾರಾಗುತ್ತಾನೆ. ಕಟ್ಟುನಿಟ್ಟಿನ ಹೊಣೆಯ ನಿಯಮದಲ್ಲಿ ಎಚ್ಚರಿಕೆ ವಹಿಸಿದರೂ ನಷ್ಟ ತೆರಬೇಕು, ಆದರೂ ತನ್ನ ಒಟ್ಟು ಖರ್ಚು ಕಡಿಮೆ ಮಾಡಲು ಅವನು ಆರಿಸುವುದು ಅದೇ ಒಂದು ಹಂತ, 900. ಎರಡೂ ನಿಯಮ ಒಂದೇ ಎಚ್ಚರಿಕೆ ತಂದವು. ಹಾಗಾದರೆ ವ್ಯತ್ಯಾಸ?

ಆ ಕೆಲಸದಿಂದ ಅವನಿಗೆ ಸಲಕ್ಕೆ 700 ಲಾಭ ಎಂದುಕೊಳ್ಳಿ. ನಿರ್ಲಕ್ಷ್ಯದ ನಿಯಮದಲ್ಲಿ ಅವನ ಖರ್ಚು 300, ಆದ್ದರಿಂದ ಕೆಲಸಕ್ಕೆ ಇಳಿಯುತ್ತಾನೆ. ಸಮಾಜಕ್ಕೆ ಖರ್ಚು 900, ಲಾಭ 700: ಆಗಬಾರದ ಕೆಲಸ ಆಗುತ್ತದೆ. ಕಟ್ಟುನಿಟ್ಟಿನ ಹೊಣೆ ಇದ್ದರೆ ಅವನೇ ಹಿಂದೆ ಸರಿಯುತ್ತಾನೆ. ಅರ್ಥಶಾಸ್ತ್ರಜ್ಞ ಸ್ಟೀವನ್ ಶೆವೆಲ್ 1980ರ ಲೇಖನದಲ್ಲಿ ಬಿಡಿಸಿಟ್ಟ ವಿಚಾರ ಇದು. ಎಷ್ಟು ಎಚ್ಚರಿಕೆಯಿಂದ ಮಾಡುತ್ತೇವೆ ಎನ್ನುವುದು ಬೇರೆ, ಎಷ್ಟು ಸಲ ಮಾಡುತ್ತೇವೆ ಎನ್ನುವುದು ಬೇರೆ. ನ್ಯಾಯಾಲಯದ ಮಾನದಂಡ ಮೊದಲನೆಯದನ್ನು ಅಳೆಯುತ್ತದೆ, ಎರಡನೆಯದನ್ನು ಅಳೆಯಲು ಅದಕ್ಕೆ ಸುಲಭವಿಲ್ಲ.

ಇಲ್ಲಿಗೆ ಕಟ್ಟುನಿಟ್ಟಿನ ಹೊಣೆಯೇ ಮೇಲು ಎಂದು ನಿಲ್ಲಿಸಿದರೆ ಅರ್ಧ ಅಂಕ. ಅವನ ಆಸ್ತಿಯೇ ಕಡಿಮೆ ಇದ್ದರೆ? ಆಸ್ತಿ 4000 ಮಾತ್ರ ಎನ್ನಿ, ಅದಕ್ಕಿಂತ ಹೆಚ್ಚು ಅವನಿಂದ ವಸೂಲಾಗದು. ಕಟ್ಟುನಿಟ್ಟಿನ ಹೊಣೆಯಲ್ಲಿ ಎಚ್ಚರಿಕೆ ಇಲ್ಲದೆ ಅವನು ತೆರಬೇಕಾದ ನಿರೀಕ್ಷಿತ ಮೊತ್ತ 400, ಒಂದು ಹಂತಕ್ಕೆ 240. ಉಳಿಯುವುದು 160, ಖರ್ಚು 300. ಎಚ್ಚರಿಕೆಯನ್ನೇ ಬಿಡುತ್ತಾನೆ. ನಿರ್ಲಕ್ಷ್ಯದ ನಿಯಮದಲ್ಲಾದರೆ 300 ಕೊಟ್ಟು ಪೂರ್ತಿ 400ರಿಂದ ಪಾರಾಗಬಹುದು, ಎಚ್ಚರಿಕೆ ವಹಿಸುತ್ತಾನೆ. ಇನ್ನೂ ಬಿಡಿಸಿದರೆ ಗಡಿಗಳೂ ಸಿಗುತ್ತವೆ: ಕಟ್ಟುನಿಟ್ಟಿನ ಹೊಣೆ ಕೆಲಸ ಮಾಡಲು ಆಸ್ತಿ 7500 ದಾಟಬೇಕು, ನಿರ್ಲಕ್ಷ್ಯದ ನಿಯಮಕ್ಕೆ 3000 ದಾಟಿದರೆ ಸಾಕು. ಎರಡೂ ಸಂಖ್ಯೆಗಳನ್ನು ನೀವೇ ತೆಗೆಯಿರಿ. ಅದು ಬಂದರೆ ಟಾರ್ಟ್ ಪತ್ರಿಕೆಯ ಅರ್ಧ ಭಾಗ ಬಂದಂತೆ, ಮತ್ತು ಕಡ್ಡಾಯ ವಿಮೆ, ಕಂಪನಿಗಳ ಸೀಮಿತ ಹೊಣೆ ಇವೆಲ್ಲ ಯಾಕೆ ಇದೇ ಪಾಠದ ಪಕ್ಕದಲ್ಲಿ ಬರುತ್ತವೆ ಎಂಬುದೂ ಗೊತ್ತಾಗುತ್ತದೆ.

ಇನ್ನೊಂದು ಎಡವು: ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್. ಅವರ 1960ರ ಲೇಖನವನ್ನು "ಹಕ್ಕು ಯಾರಿಗೆ ಕೊಟ್ಟರೂ ಒಂದೇ, ಕಾನೂನು ಮುಖ್ಯವಲ್ಲ" ಎಂದು ಓದುವವರೇ ಹೆಚ್ಚು. ಲೇಖನದ ಒತ್ತು ಇರುವುದು ಅದರ ಎದುರು ಬದಿಗೆ. ವ್ಯವಹಾರ ವೆಚ್ಚ (ಚೌಕಾಸಿ ಮಾಡಿ ಒಪ್ಪಂದಕ್ಕೆ ಬರಲು ತಗಲುವ ಖರ್ಚು) ಶೂನ್ಯವಾಗಿದ್ದರೆ ಮಾತ್ರ ಹಾಗಾಗುತ್ತದೆ, ನಿಜ ಜಗತ್ತಿನಲ್ಲಿ ಅದು ಶೂನ್ಯವಲ್ಲ, ಆದ್ದರಿಂದಲೇ ಹಕ್ಕು ಯಾರಿಗೆ ಎಂಬುದು ಫಲಿತಾಂಶವನ್ನು ಬದಲಿಸುತ್ತದೆ. ಹಕ್ಕಿನ ಹಂಚಿಕೆ ಯಾರು ಶ್ರೀಮಂತರಾಗುತ್ತಾರೆ ಎಂಬುದನ್ನು ಹೇಗೂ ಬದಲಿಸುತ್ತದೆ, ವೆಚ್ಚ ಶೂನ್ಯವಿದ್ದರೂ. ದಕ್ಷತೆ ಬೇರೆ, ಹಂಚಿಕೆ ಬೇರೆ. ಈ ಗೆರೆಯನ್ನು ಪ್ರತಿ ಉತ್ತರದಲ್ಲೂ ಎಳೆದು ತೋರಿಸಬೇಕು.

ಪ್ಯಾರಾಗ್ರಾಫ್_ಹನ್ನೆರಡು

ಪ್ರಶ್ನೆ ಕಾನೂನಿನವರದ್ದೇ ಆದರೂ ಅರ್ಥಶಾಸ್ತ್ರ ಓದಿ ಈ ಕಡೆ ಬರುವವರೂ ಇದನ್ನು ಓದುತ್ತಾರೆ, ಅವರಿಗಾಗಿ ಕೆಲವು ಮಾತು. ನಿಮಗೂ ಇದು ಬೇಕು, ಏಕೆಂದರೆ ತರಗತಿಯಲ್ಲಿ ನಿಮ್ಮ ಬೆಲೆ ಇರುವುದು ಇಲ್ಲೇ.

ಅರ್ಥಶಾಸ್ತ್ರದವರು ಕಾನೂನನ್ನು ಒಂದು ಸೊನ್ನೆ ಅಥವಾ ಒಂದು ಎಂದು ನಮೂದಿಸುತ್ತಾರೆ: ಈ ವರ್ಷದಿಂದ ನಿಯಮ ಇದೆ, ಹಿಂದೆ ಇರಲಿಲ್ಲ. ಯಾವ ದಿನಾಂಕ? ಶಾಸನಸಭೆ ಅಂಗೀಕರಿಸಿದ ದಿನ, ಅಂಕಿತ ಬಿದ್ದ ದಿನ, ಜಾರಿಗೆ ಬಂದ ದಿನ, ಅದರಡಿಯ ನಿಯಮಗಳು ಪ್ರಕಟವಾದ ದಿನ ನಾಲ್ಕೂ ಬೇರೆ ಬೇರೆ ಆಗಿರುತ್ತವೆ. ಒಂದೇ ಕಾಯ್ದೆಯ ಬೇರೆ ಬೇರೆ ಕಲಮುಗಳು ಬೇರೆ ಬೇರೆ ದಿನ ಜಾರಿಯಾಗುವುದೂ ಉಂಟು. ಬಾಕಿ ಪ್ರಕರಣಗಳಿಗೆ ಹಳೆಯ ನಿಯಮವೇ ಅನ್ವಯ ಎಂದು ಕೊನೆಯ ಕಲಮಿನಲ್ಲಿ ಒಂದು ಸಾಲು ಇರುತ್ತದೆ. ಆ ಸಾಲು ಓದದೆ ಮಾಡಿದ ರಿಗ್ರೆಶನ್ ಎಷ್ಟೇ ಚೆಂದವಿದ್ದರೂ ಅಳೆದದ್ದು ಏನನ್ನು ಎಂದು ಹೇಳಲಾಗದು.

ತೀರ್ಪು ಓದುವುದನ್ನೂ ಕಲಿಯಬೇಕು. ಸಂಗತಿ, ವಿವಾದಾಂಶ, ನಿರ್ಣಯ, ನಿರ್ಣಯಕ್ಕೆ ಅಗತ್ಯವಾದ ಕಾರಣ, ಪ್ರಾಸಂಗಿಕ ಮಾತು — ಐದನ್ನೂ ಬೇರೆ ಬೇರೆ ಬಣ್ಣದಲ್ಲಿ ಗುರುತು ಮಾಡಿ ಒಂದು ಪುಟದ ಟಿಪ್ಪಣಿ ಬರೆಯಿರಿ. ಇಪ್ಪತ್ತು ತೀರ್ಪು ಹೀಗೆ ಮಾಡಿದ ಮೇಲೆ ಕೈ ಕುದುರುತ್ತದೆ. ಪ್ರಾಸಂಗಿಕ ಮಾತನ್ನೇ ಕಾನೂನು ಎಂದು ಉದ್ಧರಿಸುವುದು ಹೊಸಬರ ದೊಡ್ಡ ತಪ್ಪು. ಭಿನ್ನಮತದ ತೀರ್ಪಿನ ಸಾಲನ್ನು ಬಹುಮತದ್ದೆಂದು ಬರೆಯುವುದು ಅದರ ನಂತರದ್ದು.

ಮತ್ತೆ, ಹಕ್ಕಿನ ಉಲ್ಲಂಘನೆಗೆ ಕಾನೂನು ಏನು ಪರಿಹಾರ ಕೊಡುತ್ತದೆ ಎನ್ನುವುದನ್ನು ಕೇಳದೆ ಮಾದರಿ ಕಟ್ಟಬೇಡಿ. ತಡೆಯಾಜ್ಞೆಯಿಂದ ಕಾಪಾಡಿದ ಹಕ್ಕು ಒಪ್ಪಿಗೆಯಿಲ್ಲದೆ ಕೈ ಬದಲಾಗುವುದಿಲ್ಲ, ಪರಿಹಾರಧನದಿಂದ ಕಾಪಾಡಿದ್ದು ನ್ಯಾಯಾಲಯ ಕಟ್ಟಿದ ಬೆಲೆಗೆ ಹೋಗುತ್ತದೆ. ಕಾನೂನು ಲೇಖಕರಾದ ಕ್ಯಾಲಬ್ರೇಸಿ ಮತ್ತು ಮೆಲಮೆಡ್ 1972ರಲ್ಲಿ ಮಾಡಿದ ಈ ವಿಂಗಡಣೆ ಎರಡೂ ಶಿಸ್ತಿನವರು ಒಂದೇ ಮೇಜಿನ ಮೇಲೆ ಮಾತಾಡಲು ಇರುವ ಅತ್ಯುತ್ತಮ ಸಾಧನ ಎಂದು ನನ್ನ ಅಭಿಪ್ರಾಯ. ಚೌಕಾಸಿ ಸುಲಭವಿದ್ದರೆ ಮೊದಲನೆಯದು, ನೂರಾರು ಜನರ ಒಪ್ಪಿಗೆ ಪಡೆಯಬೇಕಾದ ಕಡೆ ಎರಡನೆಯದು. ಇದನ್ನು ಬರೀ ಹೇಳದೆ, ನಿಮಗೆ ಗೊತ್ತಿರುವ ಯಾವುದಾದರೂ ಉಪದ್ರವದ ಪ್ರಕರಣಕ್ಕೆ ಹಚ್ಚಿ ನೋಡಿ.

ಕರಡುಪ್ರತಿ

ತುಂಬಾ ಉಪಯೋಗವಾಯಿತು. 7500, 3000 ಎರಡೂ ಲೆಕ್ಕ ಮಾಡಿದೆ, ಬಂತು. ಪ್ರಬಂಧದ ಬಗ್ಗೆ ಇನ್ನೂ ಅನುಮಾನ ಇದೆ. ಕಾರ್ಯವಿಧಾನದ ಒಂದು ಬದಲಾವಣೆಯಿಂದ ಪ್ರಕರಣಗಳು ಬೇಗ ಮುಗಿಯುತ್ತವೆಯೇ ಎಂದು ನ್ಯಾಯಾಲಯದ ದತ್ತಾಂಶದಿಂದ ನೋಡುವ ಆಸೆ. ನಾಲ್ಕು ತಿಂಗಳ ಅವಧಿಯಲ್ಲಿ ಆಗುವಂಥದ್ದೇ?

ಬಾಕಿಪಟ್ಟಿ

ಆಗುತ್ತದೆ, ಆದರೆ ಆರನೆಯ ವಾರದ ಕೊನೆಗೆ ದತ್ತಾಂಶ ಪೂರ್ತಿ ಕೈಯಲ್ಲಿರಬೇಕು. ಇಲ್ಲದಿದ್ದರೆ ಪ್ರಶ್ನೆ ಬದಲಿಸಿ, ಕಾಯುತ್ತ ಕೂರಬೇಡಿ.

ವಿನ್ಯಾಸ ಸರಳ. ಬದಲಾವಣೆ ಕೆಲವು ನ್ಯಾಯಾಲಯಗಳಿಗೆ ಮೊದಲು ಬಂದು ಉಳಿದವಕ್ಕೆ ಬಂದಿಲ್ಲ ಎಂದರೆ ಎರಡು ವ್ಯತ್ಯಾಸಗಳ ವ್ಯತ್ಯಾಸ ತೆಗೆಯಬಹುದು. ಬದಲಾವಣೆ ಕಂಡ ಕಡೆ ಸರಾಸರಿ ಅವಧಿ 40 ತಿಂಗಳಿಂದ 30ಕ್ಕೆ ಇಳಿದಿದೆ, ಕಾಣದ ಕಡೆ 38ರಿಂದ 34ಕ್ಕೆ ಎಂದುಕೊಳ್ಳಿ. ಬದಲಾವಣೆಯ ಫಲ 10 ಅಲ್ಲ, 10ರಲ್ಲಿ 4 ಕಳೆದು 6 ತಿಂಗಳು. ಇದು ನಿಲ್ಲಬೇಕಾದರೆ ಬದಲಾವಣೆಗೆ ಮೊದಲಿನ ವರ್ಷಗಳಲ್ಲಿ ಎರಡೂ ಗುಂಪು ಒಂದೇ ದಿಕ್ಕಿನಲ್ಲಿ, ಒಂದೇ ಗತಿಯಲ್ಲಿ ಸಾಗುತ್ತಿದ್ದವು ಎಂದು ತೋರಿಸಬೇಕು. ಬಾಕಿ ಹೆಚ್ಚಿದ್ದ ನ್ಯಾಯಾಲಯಗಳನ್ನೇ ಆರಿಸಿ ಬದಲಾವಣೆ ತಂದಿದ್ದರೆ ಈ ಊಹೆ ಅಲ್ಲೇ ಕುಸಿಯುತ್ತದೆ. ಆದ್ದರಿಂದ ಆಯ್ಕೆ ಹೇಗಾಯಿತು ಎಂದು ಹೇಳುವ ಸರ್ಕಾರಿ ಆದೇಶ ಅಥವಾ ಸುತ್ತೋಲೆ ಹುಡುಕುವುದು ಮೊದಲ ಕೆಲಸ, ಕೋಡ್ ಬರೆಯುವುದು ಆಮೇಲೆ. ಈ ಹುಡುಕಾಟದಲ್ಲಿ ಕಾನೂನಿನವರು ಎಲ್ಲರಿಗಿಂತ ಮುಂದೆ.

ಇನ್ನು ಮೋಸ ಮಾಡುವ ಜಾಗ. ವಿಲೇವಾರಿಯಾದ ಪ್ರಕರಣಗಳನ್ನು ಮಾತ್ರ ತೆಗೆದು ಸರಾಸರಿ ಅವಧಿ ಹಾಕಿದರೆ ಇತ್ತೀಚಿನ ವರ್ಷಗಳಲ್ಲಿ ಅವಧಿ ತಾನಾಗಿ ಇಳಿದಂತೆ ಕಾಣುತ್ತದೆ. ಎಂಟನೆಯ ವರ್ಷದ ಕೊನೆಗೆ ದತ್ತಾಂಶ ಇಳಿಸಿಕೊಂಡಿರಿ ಎನ್ನಿ. ಏಳನೆಯ ವರ್ಷ ದಾಖಲಾಗಿ ಮುಗಿದ ಯಾವ ಪ್ರಕರಣವೂ 24 ತಿಂಗಳು ಮೀರಿರಲು ಸಾಧ್ಯವೇ ಇಲ್ಲ, ಉದ್ದದವೆಲ್ಲ ಇನ್ನೂ ಬಾಕಿ ಇವೆ. ಮೊದಲ ವರ್ಷದ ಪ್ರಕರಣಗಳಿಗೆ 96 ತಿಂಗಳವರೆಗೂ ಜಾಗವಿತ್ತು. ಹೀಗೆ ಸುಧಾರಣೆ ಏನೂ ಆಗದಿದ್ದರೂ ಸುಧಾರಣೆ ಕಾಣುತ್ತದೆ. ಪರಿಹಾರ ಎರಡು: ಬಾಕಿ ಪ್ರಕರಣಗಳನ್ನೂ ಸೇರಿಸಿ ಸರ್ವೈವಲ್ ಅನಾಲಿಸಿಸ್ (ಇನ್ನೂ ಮುಗಿಯದವುಗಳನ್ನೂ ಲೆಕ್ಕಕ್ಕೆ ಹಿಡಿದು ಅವಧಿ ಅಂದಾಜಿಸುವ ವಿಧಾನ) ಮಾಡುವುದು, ಅಥವಾ ಪ್ರತಿ ವರ್ಷದ ದಾಖಲಾತಿಯಲ್ಲಿ 24 ತಿಂಗಳೊಳಗೆ ಮುಗಿದವು ನೂರಕ್ಕೆ ಎಷ್ಟು ಎಂದು ಲೆಕ್ಕ ಹಾಕಿ, 24 ತಿಂಗಳು ಪೂರ್ತಿಯಾಗದ ವರ್ಷಗಳನ್ನು ಬಿಡುವುದು. ಮಾಸ್ಟರ್ಸ್ ಪ್ರಬಂಧಕ್ಕೆ ಎರಡನೆಯದು ಸಾಕು, ಮೌಖಿಕ ಪರೀಕ್ಷೆಯಲ್ಲಿ ವಿವರಿಸಲೂ ಸುಲಭ.

ದಾಖಲೆಗಳ ಒಳಗೂ ಗೋಜಲಿದೆ. ಬೇರೆ ನ್ಯಾಯಾಲಯಕ್ಕೆ ವರ್ಗವಾದ ಪ್ರಕರಣ ಮೊದಲನೆಯ ಕಡೆ "ವಿಲೇವಾರಿ" ಎಂದು ಬಿದ್ದು, ಎರಡನೆಯ ಕಡೆ ಹೊಸ ಸಂಖ್ಯೆಯಲ್ಲಿ ಹೊಸ ಪ್ರಕರಣವಾಗಿ ಹುಟ್ಟಬಹುದು. ಒಂದು ಉದ್ದದ ಪ್ರಕರಣ ಎರಡು ಗಿಡ್ಡ ಪ್ರಕರಣವಾಯಿತು. ಗೈರುಹಾಜರಿಗೆ ವಜಾ ಆದದ್ದು, ರಾಜಿಯಾದದ್ದು, ವಾದ ಕೇಳಿ ತೀರ್ಪಾದದ್ದು ಒಂದೇ ಕಾಲಮಿನಲ್ಲಿ ಇರಬಹುದು. ಯಾದೃಚ್ಛಿಕವಾಗಿ 200 ದಾಖಲೆ ಆರಿಸಿ, ಆದೇಶದ ಪ್ರತಿ ತೆರೆದು, ಕೈಯಿಂದ ಪರಿಶೀಲಿಸಿ. ಬೇಸರದ ಕೆಲಸ ನಿಜ, ಪ್ರಬಂಧದ ನಂಬಿಕೆ ಪೂರ್ತಿ ನಿಲ್ಲುವುದು ಅದರ ಮೇಲೆ.

ಪ್ರಮಾಣ ದೋಷವನ್ನು (ಅಂದಾಜು ಎಷ್ಟು ಅನಿಶ್ಚಿತ ಎಂಬುದರ ಅಳತೆ) ಪ್ರಕರಣದ ಮಟ್ಟದಲ್ಲಿ ಲೆಕ್ಕ ಹಾಕಬೇಡಿ. ನಿಯಮ ಬದಲಾದದ್ದು ನ್ಯಾಯಾಲಯಕ್ಕೆ, ಆದ್ದರಿಂದ ಗುಂಪು ಮಾಡಬೇಕಾದದ್ದೂ ನ್ಯಾಯಾಲಯದ ಮಟ್ಟದಲ್ಲಿ. 50,000 ಪ್ರಕರಣಗಳಿದ್ದರೂ ನ್ಯಾಯಾಲಯ 12 ಮಾತ್ರ ಎಂದರೆ ನಿಮ್ಮ ನಿಜವಾದ ಮಾದರಿ ಚಿಕ್ಕದು, ಹೀಗೆ ಗುಂಪು ಮಾಡುವ ಸಾಮಾನ್ಯ ಕ್ಲಸ್ಟರ್ ಸೂತ್ರವೂ ಅಲ್ಲಿ ಸುಳ್ಳು ಧೈರ್ಯ ಕೊಡುತ್ತದೆ. ಗುಂಪುಗಳು ಕಡಿಮೆ ಇದ್ದಾಗ ಅನಿಶ್ಚಿತತೆ ಅಳೆಯುವ ವೈಲ್ಡ್ ಬೂಟ್‌ಸ್ಟ್ರಾಪ್ ವಿಧಾನ ಬಳಸಿ. ಆರ್, ಸ್ಟಾಟಾ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶ ಎರಡರಲ್ಲೂ ಇದೆ.

ಕೊನೆಯದಾಗಿ, ನ್ಯಾಯಾಲಯಕ್ಕೆ ಬರುವ ಪ್ರಕರಣಗಳು ಎಲ್ಲ ವಿವಾದಗಳ ಪ್ರತಿನಿಧಿಯಲ್ಲ. ಫಲಿತಾಂಶ ಸ್ಪಷ್ಟವಿದ್ದ ವಿವಾದಗಳು ಹೊರಗೇ ರಾಜಿಯಾಗುತ್ತವೆ, ಒಳಗೆ ಉಳಿಯುವುದು ಎರಡೂ ಕಡೆಯ ಅಂದಾಜು ಬೇರೆ ಬೇರೆ ಇದ್ದವು. ಪ್ರೀಸ್ಟ್ ಮತ್ತು ಕ್ಲೈನ್ 1984ರಲ್ಲಿ ಎತ್ತಿದ ಪ್ರಶ್ನೆ ಇದು. ಹಾಗಾಗಿ "ನಿಯಮ ಬದಲಾದ ಮೇಲೂ ಫಿರ್ಯಾದಿಗಳ ಗೆಲುವಿನ ಪ್ರಮಾಣ ಬದಲಾಗಲಿಲ್ಲ, ಆದ್ದರಿಂದ ನಿಯಮ ನಿಷ್ಫಲ" ಎಂಬ ತೀರ್ಮಾನ ಮಾತ್ರ ಬರೆಯಬೇಡಿ. ನಿಯಮ ಬದಲಾದಾಗ ಯಾವ ಪ್ರಕರಣ ಒಳಗೆ ಬರುತ್ತದೆ ಎನ್ನುವುದೂ ಬದಲಾಗಿರುತ್ತದೆ.

ಪಾಲುದಾರ

ಸೀಮಾಂತ ಅವರ ಉತ್ತರದ ಒಂದು ಅಂಶಕ್ಕೆ ನನ್ನ ತಕರಾರಿದೆ. ಎಕನಾಮೆಟ್ರಿಕ್ಸ್ ಕಡ್ಡಾಯವಿದೆಯೇ ಎಂದು ನೋಡುವುದು ಸರಿ, ಆದರೆ ಸ್ಪರ್ಧಾ ಕಾನೂನಿಗೆ ಹೋಗುವವರು ಅದಕ್ಕಿಂತ ಮೊದಲು ಹುಡುಕಬೇಕಾದದ್ದು ಕೈಗಾರಿಕಾ ಸಂಘಟನೆಯ (ಸಂಸ್ಥೆಗಳು ಮಾರುಕಟ್ಟೆಯಲ್ಲಿ ಹೇಗೆ ಪೈಪೋಟಿ ಮಾಡುತ್ತವೆ ಎಂಬ ಅಧ್ಯಯನ) ಪತ್ರಿಕೆ. ಅದಿಲ್ಲದ ಕೋರ್ಸ್‌ನಲ್ಲಿ ರಿಗ್ರೆಶನ್ ಎಷ್ಟೇ ಕಲಿತರೂ ಯಾವ ಪ್ರಶ್ನೆಗೆ ಎಂದು ತಿಳಿಯುವುದಿಲ್ಲ.

ಉದಾಹರಣೆಗೆ ವಿಲೀನ. ಮಾರುಕಟ್ಟೆಯಲ್ಲಿ ಐದು ಸಂಸ್ಥೆಗಳ ಪಾಲು ನೂರಕ್ಕೆ 30, 25, 20, 15, 10. ವರ್ಗಗಳ ಮೊತ್ತ 900, 625, 400, 225, 100 ಸೇರಿ 2250, ಇದು ಮಾರುಕಟ್ಟೆ ಎಷ್ಟು ಕೆಲವರ ಕೈಯಲ್ಲಿದೆ ಎಂದು ಅಳೆಯುವ ಎಚ್‌ಎಚ್‌ಐ ಸೂಚ್ಯಂಕ. ಕೊನೆಯ ಎರಡು ವಿಲೀನವಾದರೆ ಏರಿಕೆ 2 ಗುಣಿಸು 15 ಗುಣಿಸು 10, ಅಂದರೆ 300. ಹೊಸ ಸೂಚ್ಯಂಕ 2550. ಅಮೆರಿಕದ 2010ರ ವಿಲೀನ ಮಾರ್ಗಸೂಚಿಯಲ್ಲಿ ಸೂಚ್ಯಂಕ 2500 ಮೀರಿ ಏರಿಕೆ 200 ಮೀರಿದರೆ, ಅಲ್ಲವೆಂದು ತೋರಿಸುವವರೆಗೆ ಹಾನಿಕರ ಎಂದೇ ಎಣಿಸುವ ನಿಯಮ ಇತ್ತು, 2023ರದ್ದರಲ್ಲಿ ಅದು 1800 ಮತ್ತು 100ಕ್ಕೆ ಇಳಿಯಿತು. ಇಲ್ಲಿಯವರೆಗೆ ಕ್ಯಾಲ್ಕ್ಯುಲೇಟರ್ ಇದ್ದವರು ಯಾರೂ ಮಾಡಬಹುದು.

ಜಗಳ ಇರುವುದು ಆ ಐದೇ ಸಂಸ್ಥೆಗಳು ಮಾರುಕಟ್ಟೆ ಎಂದು ಯಾರು ಹೇಳಿದರು ಎಂಬುದರಲ್ಲಿ. ಅದಕ್ಕೆ ಕಾಲ್ಪನಿಕ ಏಕಸ್ವಾಮ್ಯದ ಪರೀಕ್ಷೆ: ಈ ಎಲ್ಲ ಸರಕೂ ಒಬ್ಬನ ಕೈಯಲ್ಲಿದ್ದರೆ ಬೆಲೆಯನ್ನು ನೂರಕ್ಕೆ 5ರಷ್ಟು ಏರಿಸಿ ಲಾಭ ಮಾಡಬಲ್ಲನೇ? ಪ್ರತಿ ಸರಕಿನ ಮೇಲಿನ ಲಾಭ ಬೆಲೆಯ ನೂರಕ್ಕೆ 40 ಇದ್ದರೆ, ತಡೆದುಕೊಳ್ಳಬಹುದಾದ ಗರಿಷ್ಠ ಮಾರಾಟ ನಷ್ಟ 5 ಭಾಗಿಸು 45 (40 ಕೂಡಿಸು 5), ಸುಮಾರು ನೂರಕ್ಕೆ 11. ನಿಜವಾದ ನಷ್ಟ ಅದಕ್ಕಿಂತ ಹೆಚ್ಚು ಎಂದು ಕಂಡರೆ ಮಾರುಕಟ್ಟೆಯ ಗೆರೆಯನ್ನು ಹಿಗ್ಗಿಸಬೇಕು. ಆದರೆ ಎಚ್ಚರಿಕೆ: ಈಗಿನ ಬೆಲೆಯೇ ಏಕಸ್ವಾಮ್ಯದ ಬೆಲೆಯಾಗಿದ್ದರೆ ಗ್ರಾಹಕರು ಆಗಲೇ ತುದಿಗೆ ಬಂದಿರುತ್ತಾರೆ, ಇನ್ನಷ್ಟು ಏರಿಸಿದರೆ ಏನೇನೋ ಬದಲಿ ಸರಕಿಗೆ ಹಾರುತ್ತಾರೆ, ಮಾರುಕಟ್ಟೆ ದೊಡ್ಡದಾಗಿ ಕಾಣುತ್ತದೆ. ಅಮೆರಿಕದ ಸುಪ್ರೀಂ ಕೋರ್ಟಿನ 1956ರ ಡುಪಾಂಟ್ ತೀರ್ಪಿನ ಮೇಲಿರುವ ಪ್ರಸಿದ್ಧ ಟೀಕೆ ಇದೇ. ಸೆಲೋಫೇನ್‌ನಲ್ಲಿ (ಪಾರದರ್ಶಕ ಪ್ಯಾಕಿಂಗ್ ಹಾಳೆ) ಸುಮಾರು ನೂರಕ್ಕೆ 75 ಪಾಲಿದ್ದ ಕಂಪನಿಗೆ, ಮೃದು ಪ್ಯಾಕಿಂಗ್ ಸಾಮಗ್ರಿಗಳೆಲ್ಲ ಒಂದೇ ಮಾರುಕಟ್ಟೆ ಎಂದಾಗ ಉಳಿದದ್ದು ನೂರಕ್ಕೆ 20ಕ್ಕಿಂತ ಕಡಿಮೆ. ವಿಲೀನದ ಪ್ರಕರಣದಲ್ಲಿ ಈಗಿನ ಬೆಲೆ ಬಳಸಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ಪ್ರಾಬಲ್ಯ ದುರುಪಯೋಗದ ಪ್ರಕರಣದಲ್ಲಿ ಇದೆ. ಈ ವ್ಯತ್ಯಾಸ ತಿಳಿದ ವಕೀಲರು ಎದುರು ಪಕ್ಷದ ತಜ್ಞರನ್ನು ಪಾಟೀಸವಾಲಿನಲ್ಲಿ ನಿಲ್ಲಿಸಿ ಕೇಳಬಲ್ಲರು, ಉಳಿದವರು ವರದಿಯ ಸಾರಾಂಶವನ್ನಷ್ಟೇ ಓದುತ್ತಾರೆ.

ಸೀಮಾಂತ

ಪಾಲುದಾರ ಹೇಳಿದ್ದು ಸರಿ, ಸ್ಪರ್ಧಾ ಕಾನೂನಿನ ಮಟ್ಟಿಗೆ ಕೈಗಾರಿಕಾ ಸಂಘಟನೆ ಮೊದಲು. ಆದರೂ ಎರಡೂ ಇರುವ ಕೋರ್ಸ್ ಸಿಕ್ಕರೆ ಒಂದನ್ನು ಬಿಡಬೇಡಿ.

ಕರಡುಪ್ರತಿ, ಅರ್ಜಿಗೆ ಬರಹದ ಮಾದರಿ ಕೇಳಿದರೆ ಹಳೆಯ ಸೆಮಿನಾರ್ ಪ್ರಬಂಧ ಕಳಿಸಬೇಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದೇ ಕಾನೂನು ನಿಯಮ ತೆಗೆದುಕೊಂಡು, ಮೇಲೆ ತೂಕದಕಟ್ಟೆ ಮಾಡಿದಂಥ ಒಂದು ಕೋಷ್ಟಕ ಕಟ್ಟಿ, ನಿಮ್ಮ ಊಹೆಗಳಲ್ಲಿ ಯಾವುದು ಮುರಿದರೆ ತೀರ್ಮಾನ ತಿರುಗುತ್ತದೆ ಎಂದು ತೋರಿಸಿ, 2000 ಪದದೊಳಗೆ ಮುಗಿಸಿ. ಗಣಿತದ ಹಿನ್ನೆಲೆ ಇಲ್ಲದ ಅಭ್ಯರ್ಥಿಯ ಅರ್ಜಿಯಲ್ಲಿ ಆಯ್ಕೆ ಸಮಿತಿಯವರಿಗೆ ಇರುವ ಅನುಮಾನವೂ ಅದೇ ಆದ್ದರಿಂದ, ಅಂಕಪಟ್ಟಿ ಹೇಳಲಾರದ್ದನ್ನು ಆ ಕೋಷ್ಟಕ ಹೇಳುತ್ತದೆ. ಜೊತೆಗೆ ಸಂಖ್ಯಾಶಾಸ್ತ್ರದ ಒಂದು ಪರೀಕ್ಷೆ ಬರೆದು ಪ್ರಮಾಣಪತ್ರ ಸೇರಿಸಿದರೆ ಇನ್ನೂ ಒಳ್ಳೆಯದು.